ಮಾದೇವನ ಹಬೆಯೂ ತುಳಸಿಯ ಲಗ್ನವೂ

ಮಂಡಿಯೂರಿ ನೆಲ ಒರೆಸುವ ಗಂಡಸನ್ನು ದೇವರು ಮೆಚ್ಚುತ್ತಾನೋ ಇಲ್ಲವೋ ತಿಳಿದವರಿಲ್ಲ. ಪಕ್ಕದ ಮನೆಯ ಜಟ್ಟಿ ಮೆಚ್ಚುವುದಿಲ್ಲ ಎಂಬುದು ಮಾತ್ರ ಮಾದೇವನಿಗೆ ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಜಗಲಿಯ ಮೂರನೆಯ ಸಾಲಿನ ಟೈಲ್ಸಿನ ಮೇಲೆ ಸ್ಪಷ್ಟವಾಗಿ ತಿಳಿಯಿತು.

ಈ ಮಾದೇವ ಯಾರೆಂದರೆ, ಬಾಳೆಗುಳಿಯ ಕೂಡುರಸ್ತೆಯಿಂದ ಸಮುದ್ರದ ದಿಕ್ಕಿಗೆ ಇಳಿದರೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ದಂಡೆಯಲ್ಲಿ ಹತ್ತಾರು ಮನೆಗಳ ಒಂದು ಕೇರಿ ಸಿಗುತ್ತದಲ್ಲ, ಅಲ್ಲಿಯವನು. ದಿನಾ ಬಸ್ಸು ಹಿಡಿದು ಕಾರವಾರಕ್ಕೆ ಹೋಗಿ, ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಠಸ್ಸೆ ಒತ್ತಿ, ಸಂಜೆ ಮರಳುವವನು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೇಜಿನ ಕೊನೆಯ ಡ್ರಾವರಿಗಿಂತ ಕೆಳಗೆ ಬಗ್ಗಿದವನಲ್ಲ. ಅಂಥವನು ಬಗ್ಗಬೇಕಾಗಿ ಬಂದದ್ದು ಹೆಂಡತಿ ಹೀರಾಳ ಸೊಂಟದ ದೆಸೆಯಿಂದ. ನವರಾತ್ರಿಯಲ್ಲಿ ಅದು ಹಿಡಿದುಕೊಂಡಿತು. ಮೂರು ತಿಂಗಳು ಬಗ್ಗಕೂಡದೆಂದು ಅಂಕೋಲೆಯ ಡಾಕ್ಟರು ಹೇಳಿದರು. ಹೀರಾ ಆ ಮಾತನ್ನು ವೇದವಾಕ್ಯವೆಂದು ಕಣ್ಣಿಗೊತ್ತಿಕೊಂಡು, ನೆಲ ಒರೆಸುವ ಅರಿವೆಯನ್ನು ಪಟ್ಟಾಭಿಷೇಕದ ಗಾಂಭೀರ್ಯದಿಂದ ಗಂಡನ ಕೈಗೆ ದಾಟಿಸಿದಳು.

ಮಾದೇವ ಒರೆಸಿದ. ಒರೆಸುವ ಮೊದಲು ಮುಂಬಾಗಿಲು ಹಾಕುತ್ತಿದ್ದ, ಕಿಟಕಿ ಮುಚ್ಚುತ್ತಿದ್ದ, ರೇಡಿಯೊ ದೊಡ್ಡದು ಮಾಡುತ್ತಿದ್ದ. ಆ ಭಾನುವಾರ ಬಾಗಿಲು ಹಾಕಲು ಮರೆತ. ಎರವಲು ಒಯ್ದ ಕತ್ತಿಯನ್ನು ಹಿಂದಿರುಗಿಸಲು ಬಂದ ಜಟ್ಟಿ ಮೆಟ್ಟಿಲ ಮೇಲೆ ನಿಂತು, ಒಳಗೆ ನಾಲ್ಕು ಕಾಲಿನ ಮೇಲಿದ್ದ ಸರ್ಕಾರಿ ನೌಕರನನ್ನು ಬಹಳ ಹೊತ್ತು ನೋಡಿದ. ನಗಲಿಲ್ಲ. ನಕ್ಕಿದ್ದರೆ ಮಾದೇವ ತಡೆದುಕೊಳ್ಳುತ್ತಿದ್ದ.

"ಇರ್ಲಿ, ಇರ್ಲಿ. ಏಳೂದ್ ಬೇಡ ಮಾದೇವಣ್ಣ," ಎಂದು ಹೇಳಿ ಕತ್ತಿಯನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು ಹೋದ.

ಆ ಮೆಲ್ಲಗಿನ ದನಿ ಮಾದೇವನನ್ನು ವಾರವಿಡೀ ಸುಟ್ಟಿತು. ಮುಂದಿನ ಶನಿವಾರ ಕಾರವಾರದಲ್ಲಿ ಗೃಹೋಪಯೋಗಿ ವಸ್ತುಗಳ ಪ್ರದರ್ಶನವೊಂದಕ್ಕೆ ಅವನು ಕಾಲಿಟ್ಟದ್ದು ಆ ಉರಿಯಿಂದಲೇ. ಅಲ್ಲಿ ಟೈ ಕಟ್ಟಿಕೊಂಡ ಒಬ್ಬ ಯುವಕ ಒಂದು ಕೋಲಿನಂಥ ಯಂತ್ರ ಹಿಡಿದು, ನೆಟ್ಟಗೆ ನಿಂತು, ಒಂದಿಷ್ಟೂ ಬಗ್ಗದೆ ನೆಲ ಒರೆಸುತ್ತಿದ್ದ. ಯಂತ್ರದ ಬುಡದಿಂದ ಹಬೆ ಏಳುತ್ತಿತ್ತು. ಸ್ಟೀಮ್ ಮಾಪ್ ಅಂತೆ. ಸೋಪು ಬೇಡ, ಫಿನಾಯಿಲ್ ಬೇಡ, ಬರೀ ನೀರು ಕಾದು ಹಬೆಯಾಗಿ ಕೊಳೆಯನ್ನು ಕೀಳುತ್ತದಂತೆ. ಅಷ್ಟೇ ಆಗಿದ್ದರೆ ಮಾದೇವ ಮುಂದೆ ಹೋಗುತ್ತಿದ್ದನೇನೋ. ಆದರೆ ಯುವಕ ಒಂದು ಗುಂಡಿ ಒತ್ತಿ ಕೋಲಿನಿಂದ ಯಂತ್ರದ ಹೊಟ್ಟೆಯನ್ನು ಬೇರೆ ಮಾಡಿದ. ಅದು ಕೈಯಲ್ಲಿ ಹಿಡಿಯುವ ಕೆಟಲಿನಂತಾಯಿತು. ಅದಕ್ಕೊಂದು ಸೊಂಡಿಲು ಸಿಕ್ಕಿಸಿದ, ಕಿಟಕಿ ತೊಳೆಯಿತು. ಬ್ರಷ್ ಸಿಕ್ಕಿಸಿದ, ಬಚ್ಚಲು ಉಜ್ಜಿತು. ಮತ್ತೊಂದು ಸಿಕ್ಕಿಸಿದ, ಅಂಗಿಯ ಸುಕ್ಕು ಬಿಡಿಸಿತು. ಒಟ್ಟು ಹತ್ತು ರೂಪಗಳು. ಬಾಲ್ಯದಲ್ಲಿ ಸಂಜೆಯ ದೀಪದೆದುರು ಅಪ್ಪ ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕೇಳುತ್ತ ಬೆಳೆದ ಮಾದೇವನಿಗೆ ಹತ್ತು ಎಂದ ಕೂಡಲೇ ಕೈ ತಾನಾಗಿ ಮುಗಿಯುವ ಅಭ್ಯಾಸ. ದಶಾವತಾರವನ್ನು ಅಲ್ಲೇ ಬಿಟ್ಟು ಬರುವುದು ಹೇಗೆ? ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದ.

ಅವನ ಲೆಕ್ಕಾಚಾರ ಸರಳವಾಗಿತ್ತು. ಅರಿವೆ ಹಿಡಿದವನು ಹೆಂಡತಿಯ ಆಳು. ಯಂತ್ರ ಹಿಡಿದವನು ಆಪರೇಟರು.

ಹೀರಾ ಯಂತ್ರವನ್ನು ಮಲಗಿದಲ್ಲಿಂದಲೇ ನೋಡಿ, ನೆಲ ಒರೆಸುವುದಕ್ಕೆ ಹತ್ತು ರೂಪ ಎಂತಕ್ಕೆ, ಒಂದರಲ್ಲೇ ಸರಿಯಾಗಿ ಒರೆಸಿದರೆ ಸಾಲದೋ ಎಂದು ಕೇಳಿದಳು. ಮಾದೇವ ಆಗಲೇ ಯಂತ್ರದ ಪುಸ್ತಿಕೆಯನ್ನು ಓದುತ್ತಿದ್ದ. ಅದರ ನಾಲ್ಕನೆಯ ಪುಟದಲ್ಲಿ ಕಪ್ಪು ಅಕ್ಷರದ ಎಚ್ಚರಿಕೆಯಿತ್ತು: ಉಪ್ಪಿನಂಶದ ನೀರು, ಗಡಸು ನೀರು ಹಾಕಿದರೆ ಯಂತ್ರ ಕೆಡುತ್ತದೆ.

ಗಜನಿಯ ದಂಡೆಯ ಬಾವಿಯಲ್ಲಿ ಮತ್ತೆಂಥ ನೀರು ಇರುತ್ತದೆ? ಆ ಕೇರಿಯಲ್ಲಿ ಬೇಳೆ ಬೇಯಿಸುವುದೇ ಒಂದು ತಪಸ್ಸು. ಬ್ಯಾಟರಿಗೆ ಹಾಕುವ ಬಾಟಲಿ ನೀರು ತರಬೇಕೆಂದು ಅವನು ಯೋಚಿಸುತ್ತಿದ್ದಾಗಲೇ ಮಾಡಿನ ಮೇಲೆ ಟಪಟಪ ಸದ್ದಾಯಿತು. ದೀಪಾವಳಿಯ ಹೊತ್ತು. ಪಂಚಾಂಗ ತೆಗೆದು ನೋಡಿದರೆ, ಸ್ವಾತಿ ಮಳೆ.

ಮಾದೇವನ ಮೈ ಜುಮ್ಮೆಂದಿತು. ಸಿಂಪಿಯ ಬಾಯಿಗೆ ಬಿದ್ದರೆ ಮುತ್ತಾಗುವ ನೀರು. ಅವನ ತಾಯಿ ಇರುವಷ್ಟು ಕಾಲ ಸ್ವಾತಿ ಮಳೆಯ ನೀರನ್ನು ಭರಣಿಯಲ್ಲಿ ಹಿಡಿದಿಟ್ಟು, ವರ್ಷವಿಡೀ ಹಾಲಿಗೆ ಹೆಪ್ಪು ಹಾಕಲು ಒಂದೊಂದೇ ಹನಿ ಬಳಸುತ್ತಿದ್ದಳು. ಅವನು ಮಳೆಯಲ್ಲಿ ಓಡಾಡಿ ಮಾಡಿನಂಚಿನ ಕೆಳಗೆ ಹಂಡೆ ಇಟ್ಟ, ಕೊಡಪಾನ ಇಟ್ಟ, ಕಡಾಯಿ ಇಟ್ಟ, ಎರಡು ಬಕೆಟ್ ಇಟ್ಟ, ಕೊನೆಗೆ ಹೀರಾಳ ಉಪ್ಪಿನಕಾಯಿ ಭರಣಿಯನ್ನೂ ಖಾಲಿ ಮಾಡಿ ಇಟ್ಟ. ಒಟ್ಟು ಹನ್ನೊಂದು ಪಾತ್ರೆ.

"ಇಷ್ಟ್ ನೀರು ಎಂತಕ್ರಾ? ಯಂತ್ರಕ್ಕೋ, ಆನೆಗೋ?" ಎಂದಳು ಹೀರಾ.

ಮಳೆ ನಿಂತ ಮೇಲೆ ಹನ್ನೊಂದನ್ನೂ ಬಚ್ಚಲಿನ ಹಿಂದೆ ಸಾಲಾಗಿ ಜೋಡಿಸಿದ. ಮುಚ್ಚಳ ಮುಚ್ಚಬೇಕೆಂದು ಹೀರಾ ಹೇಳಿದ್ದುಂಟು. ಆಕಾಶದಿಂದ ಬಂದ ನೀರು ಆಕಾಶಕ್ಕೆ ಮುಖ ಮಾಡಿಯೇ ಇರಬೇಕು, ಮುಚ್ಚಿದರೆ ಅದರ ಗುಣ ಹೋಗುತ್ತದೆ ಎಂದು ಮಾದೇವ ವಿವರಿಸಿದ. ಈ ವಿಚಾರ ಯಾವ ಶಾಸ್ತ್ರದಲ್ಲಿದೆ ಎಂದು ಅವನು ಹೇಳಲಿಲ್ಲ. ಹೇಳುವಂತಿರಲಿಲ್ಲ, ಏಕೆಂದರೆ ಅದು ಆ ಕ್ಷಣದಲ್ಲೇ ಹುಟ್ಟಿತ್ತು.

ಇನ್ನು ತುಳಸಿ ಲಗ್ನದ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾರ್ತಿಕದ ದ್ವಾದಶಿಯ ಸಂಜೆ ಮನೆಮನೆಯಲ್ಲೂ ತುಳಸಿಗೆ ಮದುವೆಯಾಗುತ್ತದೆ. ಆದರೆ ಆ ಕೇರಿಯಲ್ಲಿ ಎಲ್ಲರೂ ತಮ್ಮ ತಮ್ಮ ಮನೆಯ ದೀಪ ಹಚ್ಚಿಟ್ಟು ಮಾದೇವನ ಅಂಗಳಕ್ಕೆ ಬರುತ್ತಾರೆ. ಅವನ ಅಪ್ಪನ ಕಾಲದಿಂದಲೂ ಹಾಗೆ. ತುಳಸಿಗೂ ನೆಲ್ಲಿಯ ಕೊಂಬೆಗೂ ನಡುವೆ ಅಂತರಪಟ ಹಿಡಿದಾಗ ಮಂಗಳಾಷ್ಟಕ ಹೇಳುವ ಹಕ್ಕು ಆ ಮನೆಯದು. ಅಪ್ಪ ಹೋದ ಮೇಲೆ ಮಾದೇವ ಹೇಳುತ್ತಾನೆ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವನ ಮಾತನ್ನು ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಪೂರ್ತಿ ಕೇಳುವುದಿಲ್ಲ. ಆ ಒಂದು ಸಂಜೆ ಅರ್ಧ ಗಳಿಗೆ ಇಡೀ ಕೇರಿ ಅಕ್ಷತೆ ಹಿಡಿದುಕೊಂಡು ಅವನ ಕಂಠಕ್ಕೆ ಕಾಯುತ್ತದೆ. ಅವನ ಪಾಲಿಗೆ ಅದು ವರ್ಷದ ಊಟ.

ಲಗ್ನಕ್ಕೆ ಮೂರು ದಿನ ಮೊದಲಿನ ಭಾನುವಾರ, ಬೆಳಗಿನ ಚಳಿಯಲ್ಲಿ, ಯಂತ್ರದ ಉದ್ಘಾಟನೆಯಾಯಿತು. ಬಿಸಿ ಹಬೆಯಿಂದ ರಕ್ಷಣೆ ಪಡೆಯಬೇಕೆಂದು ಪುಸ್ತಿಕೆ ಹೇಳಿದ್ದರಿಂದ ಮಾದೇವ ನೀಲಿ ರೇನ್‌ಕೋಟು ತೊಟ್ಟ, ಗಂಬೂಟು ಹಾಕಿದ, ಹೆಲ್ಮೆಟ್ಟಿನ ಗಾಜನ್ನು ಕೆಳಗಿಳಿಸಿದ, ಮೂಗಿಗೆ ಪಂಚೆಯ ತುಂಡು ಕಟ್ಟಿದ. ಒಳಗಿನ ನೆಲ ಹದಿನೈದು ನಿಮಿಷದಲ್ಲಿ ಮಿಂಚಿತು. ಆದರೆ ಬಾಗಿಲು ತೆರೆದಿದ್ದರೂ ನೋಡಲು ಯಾರೂ ಬರಲಿಲ್ಲ. ಆಪರೇಟರನಾದದ್ದು ಜಟ್ಟಿಗೆ ಕಾಣದಿದ್ದರೆ ಪ್ರಯೋಜನವೇನು? ಹಾಗಾಗಿ ಎಕ್ಸ್‌ಟೆನ್ಷನ್ ವಯರು ಎಳೆದು, ಯಂತ್ರದ ಹೊಟ್ಟೆ ಕಳಚಿ, ಸೊಂಡಿಲು ಸಿಕ್ಕಿಸಿ ಅಂಗಳಕ್ಕಿಳಿದ. ತುಳಸಿಕಟ್ಟೆಯ ಸಂದುಗಳಲ್ಲಿ ಮಳೆಗಾಲದ ಪಾಚಿ ಇತ್ತು. ಅದಕ್ಕೆ ಹಬೆ ಹೊಡೆಯುತ್ತ ಕಟ್ಟೆಯ ಸುತ್ತ ಪ್ರದಕ್ಷಿಣೆ ಬಂದ. ಚಳಿಯ ಗಾಳಿಯಲ್ಲಿ ಹಬೆ ಬೆಳ್ಳಗೆ ಮೋಡದಂತೆ ಎದ್ದು, ಬೇಲಿ ದಾಟಿ, ಜಟ್ಟಿಯ ಹಿತ್ತಲಿಗೆ ಹೋಯಿತು.

ಪಾಚಿಯ ಜೊತೆಗೆ, ಕಟ್ಟೆಯ ಬುಡದ ಅಂಗಳಕ್ಕೆ ದೀಪಾವಳಿಯಲ್ಲಿ ಕೇರಿಯ ಹೆಂಗಸರು ಇದ್ದಿಲ ಪುಡಿ ಕಲಸಿ ಸಾರಿಸಿದ್ದ ಸೆಗಣಿಯೂ ಹಪ್ಪಳದಂತೆ ಉಬ್ಬಿ ಏಳುತ್ತಿದ್ದುದು ಹೆಲ್ಮೆಟ್ಟಿನ ಗಾಜಿಗೆ ಮಂಜು ಕಟ್ಟಿದ್ದರಿಂದ ಅವನಿಗೆ ಕಾಣಲಿಲ್ಲ.

ಕಂಡದ್ದು ಜಟ್ಟಿಯ ಹೆಂಡತಿ ಕಾಮಿಗೆ. ಅವಳಿಗೆ ಕಂಡದ್ದು ಬೇರೆ. ಹಿಂದಿನ ವರ್ಷ ಪಂಚಾಯತಿಯವರು ಇಂಥದೇ ವೇಷದಲ್ಲಿ ಬಂದು, ಇಂಥದೇ ಹೊಗೆ ಹೊಡೆದಿದ್ದರು. ಹೊಡೆದದ್ದು ಡೆಂಗಿ ಬಂದ ಎರಡು ಮನೆಗೆ ಮಾತ್ರ. ಅವಳು ಬೇಲಿಯ ಹತ್ತಿರ ಬಂದು, ಸೆರಗನ್ನು ಮೂಗಿಗೆ ಹಿಡಿದು, ಎಂತ ಮಾಡುತ್ತಿದ್ದೀರೆಂದು ಕೇಳಿದಳು.

ಕೊನೆಗೂ ಒಬ್ಬ ಪ್ರೇಕ್ಷಕಿ ಸಿಕ್ಕ ಸಂತೋಷದಲ್ಲಿ ಮಾದೇವ ಹೆಲ್ಮೆಟ್ಟಿನೊಳಗಿಂದ, ಕಣ್ಣಿಗೆ ಕಾಣದ ಕ್ರಿಮಿಯೆಲ್ಲ ಸಾಯುತ್ತದೆ, ಒಂದೂ ಉಳಿಯಬಾರದು, ಇನ್ನು ಮನೆಯಲ್ಲಿ ದಿನಾ ಹೊಡೆಯುತ್ತೇನೆ ಎಂದ.

"ಹೀರಕ್ಕ ಎಲ್ಲಿ?"

"ಮಲಗೀದೆ. ಮೈಯೇ ಏಳೂಕಾಗ್ತಿಲ್ಲ ಅದಕ್ಕೆ," ಎಂದ ಮಾದೇವ, ಸೊಂಟವನ್ನು ಮನಸ್ಸಿನಲ್ಲಿಟ್ಟುಕೊಂಡು.

ಕಾಮಿ ತಿರುಗಿ ಓಡಿದಳು. ಯಂತ್ರದ ಮಹಿಮೆ ಸಾರಲು ಓಡುತ್ತಿದ್ದಾಳೆಂದು ಮಾದೇವ ತಿಳಿದ.

ಮಧ್ಯಾಹ್ನದ ಹೊತ್ತಿಗೆ ಆ ಮಹಿಮೆಯ ಫಲ ಕಾಣತೊಡಗಿತು. ದಿನಾ ಅಡುಗೆಮನೆಯವರೆಗೆ ಬಂದು ಹಾಲು ಹೊಯ್ಯುತ್ತಿದ್ದ ಬೊಮ್ಮಿ ತಂಬಿಗೆಯನ್ನು ಗೇಟಿನ ಹೊರಗಿಟ್ಟು, ಅಲ್ಲಿಂದಲೇ ಕೂಗಿ ಹೋದಳು. ಸಂಜೆ ಪೇಪರು ಓದಲು ಬರುತ್ತಿದ್ದ ಜಟ್ಟಿ ಬೇಲಿಯ ಆಚೆಯಿಂದಲೇ ಮುಖ್ಯ ಸುದ್ದಿ ಓದಿ ಹೇಳೆಂದ. ಇಷ್ಟು ಶುದ್ಧವಾದ ನೆಲವನ್ನು ಮೆಟ್ಟಲು ಇವರಿಗೆ ಮನಸ್ಸು ಬರುತ್ತಿಲ್ಲವೆಂದು ಮಾದೇವನ ಎದೆ ತುಂಬಿ ಬಂತು. ದೇವಸ್ಥಾನದ ಹೊಸ್ತಿಲಲ್ಲಿ ಜನ ಹೀಗೆಯೇ ಅಲ್ಲವೇ ನಿಲ್ಲುವುದು? ಅವನು ಗೇಟಿಗೆ ಬಂದು, ಪರವಾಗಿಲ್ಲ, ಬನ್ನಿ ಎಂದು ಎರಡು ಕೈ ಚಾಚಿ ಕರೆದ. ಜಟ್ಟಿ ಎರಡು ಹೆಜ್ಜೆ ಹಿಂದೆ ಸರಿದ. ಮರುದಿನ ಬೆಳಿಗ್ಗೆ ಬೇಲಿಯ ಮೇಲೆ ಪಪ್ಪಾಯಿ ಎಲೆಗಳ ಒಂದು ಕಟ್ಟು ಇತ್ತು. ಯಂತ್ರವನ್ನು ಮೂರು ದಿನ ಎರವಲು ಕೇಳುವ ಪೀಠಿಕೆಯಿರಬೇಕೆಂದು ಅವನು ಅದನ್ನು ದಾರಿಯಲ್ಲಿ ಹೋಗುತ್ತಿದ್ದ ದನಕ್ಕೆ ಹಾಕಿದ.

ಸೋಮವಾರ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಕಾರವಾರದವರೆಗೂ ಖಾಲಿಯಿತ್ತು. ಕೇರಿಯ ನಾಲ್ಕು ಜನ ನಿಂತೇ ಬಂದರು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ದೇವಿದಾಸ, ಹನ್ನೆರಡು ವರ್ಷದಲ್ಲಿ ಅರ್ಧ ದಿನದ ರಜೆಯನ್ನೂ ನಗುತ್ತ ಕೊಡದವರು, ಮೂಗಿಗೆ ಕರವಸ್ತ್ರ ಹಿಡಿದು, ಬಾಗಿಲಲ್ಲೇ ತಡೆದು ಮೂರು ದಿನ ಮನೆಯಲ್ಲಿರಿ ಎಂದರು. ಲಕೋಟೆಗಳನ್ನು ಮುಟ್ಟುವುದು ಕೂಡ ಬೇಡವಂತೆ.

"ಮನೆಯೋರ ಕಡೆ ನೋಡಿಕೊಳ್ಳಿ. ನೀರು ಜಾಸ್ತಿ ಕುಡಿಸಿ," ಎಂದರು.

ತುಳಸಿ ಲಗ್ನದ ಸಂಭ್ರಮಕ್ಕೆ ಇಷ್ಟು ಬೆಲೆ ಕೊಡುವ ಮೇಲಧಿಕಾರಿಯನ್ನು ತಾನು ಇಷ್ಟು ವರ್ಷ ತಪ್ಪಾಗಿ ತಿಳಿದೆನಲ್ಲ ಎಂದು ಮಾದೇವ ಮರಳುವ ಬಸ್ಸಿನಲ್ಲಿ ಪಶ್ಚಾತ್ತಾಪಪಟ್ಟ.

ಮಂಗಳವಾರ ಮಧ್ಯಾಹ್ನ ಮಾಜಾಳಿಯಿಂದ ಅವನ ತಂಗಿ ರೂಪಾಲಿ ಬಂದಿಳಿದಳು. ಅವಳ ಗಂಡ ಗೋವೆಯಲ್ಲಿ ಕೆಲಸಕ್ಕೆ ಹೋಗುವವನು. ಅಲ್ಲಿಂದ ತರಿಸಿದ ಕಿವಿ ಹಣ್ಣಿನ ಡಬ್ಬಿಗಳು ಒಂದು ಕೈಯಲ್ಲಿ, ಆಡಿನ ಹಾಲಿನ ಬಾಟಲಿ ಇನ್ನೊಂದು ಕೈಯಲ್ಲಿ. ಗೇಟಿನಿಂದಲೇ ಅಳುತ್ತ ಬಂದವಳು ಮಿಂಚುವ ನೆಲದ ಮೇಲೆ ಜಾರಿ, ಕಂಬ ಹಿಡಿದು ನಿಂತು ಕೇಳಿದಳು.

"ದಾದಾ, ವೈನಿಗೆ ಪ್ಲೇಟ್‌ಲೆಟ್ ಎಷ್ಟ್ ಅದೆ?"

ಒಳಗಿನ ಕೋಣೆಯಿಂದ ಅತ್ತಿಗೆ ಹೀರಾಳೇ ಎದ್ದು, ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಐದು ನಿಮಿಷದಲ್ಲಿ ಎಲ್ಲವೂ ಬಿಚ್ಚಿಕೊಂಡಿತು. ಹೀರಾಳಿಗೆ ಡೆಂಗಿ, ಮಾದೇವನಿಗೆ ಬರುವುದಿದೆ, ಪಂಚಾಯತಿಯವರು ಭಾನುವಾರವೇ ಬಂದು ಹೊಗೆ ಹೊಡೆದು ಹೋಗಿದ್ದಾರೆ: ಇದು ಬಾಳೆಗುಳಿಯಿಂದ ಮಾಜಾಳಿಯವರೆಗಿನ ಸುದ್ದಿ. ರೂಪಾಲಿ ಕಣ್ಣೊರೆಸಿಕೊಂಡು, ತಂದದ್ದು ಹಾಳಾಗಬಾರದೆಂದು ಒಂದು ಕಿವಿ ಹಣ್ಣು ಸುಲಿಯುತ್ತ ಉಳಿದದ್ದನ್ನೂ ಹೇಳಿದಳು. ದಾರಿಯಲ್ಲಿ ಕಾಮಿ ಸಿಕ್ಕಿದ್ದಳಂತೆ. ಈ ಸಲದ ತುಳಸಿ ಲಗ್ನ ಜಟ್ಟಿಯ ಅಂಗಳದಲ್ಲಂತೆ. ಮಂಗಳಾಷ್ಟಕಕ್ಕೆ ಮೊಬೈಲಿಗೆ ಸ್ಪೀಕರ್ ಜೋಡಿಸುತ್ತಾರಂತೆ.

ಮೊಬೈಲು. ಮಾದೇವ ಜಗಲಿಯ ಮೇಲೆ ಕುಳಿತ. ಜನರ ಭಕ್ತಿಯೆಂದು ತಾನು ತಿಳಿದದ್ದೆಲ್ಲ ಒಂದೊಂದಾಗಿ ಕಣ್ಣೆದುರು ಬಂತು. ಗೇಟಿನ ಹೊರಗಿನ ತಂಬಿಗೆ, ಖಾಲಿ ಸೀಟು, ದೇವಿದಾಸರ ಮೂಗಿನ ಮೇಲಿನ ಕರವಸ್ತ್ರ. ನಾಚಿಕೆಯಿಂದ ಅವನು ರೂಪಾಲಿ ಕೊಟ್ಟ ಕಿವಿ ಹಣ್ಣನ್ನು ಸುಮ್ಮನೆ ತಿಂದ.

ಆಗ ಹೀರಾ ಹೇಳಿದ್ದು ಒಂದೇ ಮಾತು. ಬೇಲಿಯ ಹತ್ತಿರ ಹೋಗಿ, ನನ್ನ ಹೆಂಡತಿಗೆ ಸೊಂಟ ನೋವು, ನೆಲ ನಾನು ಒರೆಸುತ್ತೇನೆ, ಹೊಗೆ ನನ್ನ ಯಂತ್ರದ್ದು ಎಂದು ಹೇಳಿ ಬನ್ನಿ, ಮುಗಿಯಿತು. ಅದು ಸುಲಭದ ದಾರಿ. ಆದರೆ ಆ ದಾರಿಯ ನಡುವೆ 'ನೆಲ ನಾನು ಒರೆಸುತ್ತೇನೆ' ಎಂಬ ಮಾತು ಬಂಡೆಯಂತೆ ಕುಳಿತಿತ್ತು. ಮಾದೇವ ಸರ್ಕಾರಿ ನೌಕರ. ಮಾತಿಗಿಂತ ಕಾಗದಕ್ಕೆ ತೂಕ ಹೆಚ್ಚೆಂದು ಬಲ್ಲವನು. ಆಶಾ ಕಾರ್ಯಕರ್ತೆ ಕವಿತಾಳಿಗೆ ತಾನೇ ಫೋನು ಮಾಡಿ, ಆರೋಗ್ಯ ನಿರೀಕ್ಷಕರನ್ನು ಕರೆದುಕೊಂಡು ಬಾ, ನನ್ನ ಮನೆ ಪರೀಕ್ಷೆಯಾಗಬೇಕು, ರೋಗವಿಲ್ಲವೆಂದು ಬರೆದು ಕೊಡಬೇಕು ಎಂದ. ತಮ್ಮನ್ನು ಹೀಗೆ ಕರೆದವರು ಈವರೆಗೆ ಯಾರೂ ಇಲ್ಲವೆಂದು ಕವಿತಾ ಹೇಳಿದಳು. ಅದನ್ನೂ ಅವನು ಹೊಗಳಿಕೆಯೆಂದೇ ತಿಳಿದ.

ಲಗ್ನದ ದಿನ ಬೆಳಿಗ್ಗೆ ನಿರೀಕ್ಷಕ ಸಂದೇಶ ಬಂದರು. ಸಣ್ಣ ಪ್ರಾಯ, ತಗ್ಗಿದ ದನಿ, ಕೈಯಲ್ಲಿ ಒಂದು ಬ್ಯಾಟರಿ ದೀಪ. ಬೇಲಿಯುದ್ದಕ್ಕೂ ಕೇರಿ ನೆರೆಯಿತು. ಜಟ್ಟಿ, ಕಾಮಿ, ಬೊಮ್ಮಿ, ಎಲ್ಲರ ಮುಂದೆ ಕೋಲೂರಿಕೊಂಡು ಹೊನ್ನಮ್ಮ. ಹೊನ್ನಮ್ಮ ಕೇರಿಗೆಲ್ಲ ಹಿರಿಯಳು. ಲಗ್ನಕ್ಕೆ ಅವಳು ಯಾವ ಅಂಗಳದಲ್ಲಿ ಕೂತಳೋ ಕೇರಿ ಅಲ್ಲೇ ಕೂರುವುದು.

ಕವಿತಾ ಹೀರಾಳ ಮೈ ಮುಟ್ಟಿ ನೋಡಿದಳು. ಜ್ವರವಿಲ್ಲ. ಸಂದೇಶ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೋಣೆಯ ಮೂಲೆ, ಮಂಚದ ಅಡಿ, ಫ್ರಿಜ್ಜಿನ ಹಿಂದೆ ಎಲ್ಲ ಬೆಳಕು ಬಿಟ್ಟರು. ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ, ಇಷ್ಟು ಚೊಕ್ಕ ಮನೆಯನ್ನು ಈ ವರ್ಷ ನೋಡಿಲ್ಲ ಎಂದು ಹೇಳಿ ಪೆನ್ನು ತೆಗೆದರು. ಪೆನ್ನು ಕಾಗದಕ್ಕೆ ತಾಗಿಯೂ ಆಗಿತ್ತು. ಮಾದೇವ ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಮೂರು ದಿನ ಯಾರೂ ಮಾತಾಡಿಸದ ಬಾಯಿ ಅದು.

"ಸರ್, ನೀವು ನೋಡಿದ್ದು ಫಲ. ಮೂಲ ನೋಡ್ಲಿಲ್ಲ. ನೀರಿನಲ್ಲಿ ಅದೆ ಎಲ್ಲ. ಬನ್ನಿ, ತೋರಿಸ್ತೆ."

ಬಚ್ಚಲಿನ ಹಿಂದೆ ಹನ್ನೊಂದು ಪಾತ್ರೆ ಸಾಲಾಗಿ ಇದ್ದವು. ಕೇರಿಯೂ ಬೇಲಿಯ ಗುಂಟ ಹಿಂದಕ್ಕೆ ಸರಿದು ಬಂತು. ಮಾದೇವ ಸ್ವಾತಿ ನಕ್ಷತ್ರ, ಸಿಂಪಿ, ಮುತ್ತು ಎಂದು ಆರಂಭಿಸಿದ. ಸಂದೇಶ ಹಂಡೆಯೊಳಗೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ಬಗ್ಗಿ ನೋಡಿದರು. ಎರಡನೆಯದನ್ನು ನೋಡಿದರು. ಮೂರನೆಯದನ್ನು ನೋಡಿದರು.

"ಎಷ್ಟು ದಿನದ್ದು ಇವು?"

"ದೀಪಾವಳಿದು. ಸ್ವಾತಿ ನೀರು."

"ನೀರಲ್ಲ. ಒಳಗಿರೋರು."

ಮಾದೇವ ಬಗ್ಗಿದ. ಬೆಳಕಿನ ವೃತ್ತದಲ್ಲಿ ನೂರಾರು ಸಣ್ಣ ಹುಳುಗಳು ಮೇಲೆ ಬರುತ್ತಿದ್ದವು, ಕೆಳಗೆ ಹೋಗುತ್ತಿದ್ದವು, ಮಧ್ಯದಲ್ಲಿ ಲಾಗ ಹಾಕುತ್ತಿದ್ದವು. ತಾಳಕ್ಕೆ ಸರಿಯಾಗಿ ಕುಣಿಯುವಂತಿತ್ತು. ಹನ್ನೊಂದು ಪಾತ್ರೆಗಳಲ್ಲೂ ಸೊಳ್ಳೆಯ ಮರಿಗಳು. ಕಾಣದ ಕ್ರಿಮಿಗಳನ್ನು ಒಂದೂ ಬಿಡದೆ ಕೊಂದವನು ಕಾಣುವ ಕ್ರಿಮಿಗಳನ್ನು ಸ್ವಂತ ಹಂಡೆಯಲ್ಲಿ ಸಾಕಿದ್ದ. ಡೆಂಗಿ ಇಲ್ಲದ ಮನೆಯಲ್ಲಿ ಡೆಂಗಿಗೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು.

"ನಾವು ಕೋಳಿ ಸಾಕೂದು," ಎಂದ ಜಟ್ಟಿ ಬೇಲಿಯಾಚೆಯಿಂದ, ಅದೇ ಮೆಲ್ಲಗಿನ ದನಿಯಲ್ಲಿ. "ಮಾದೇವಣ್ಣ ಓದಿದೋರು."

ಈಗ ನಕ್ಕರು. ಮೂರು ದಿನದಿಂದ ಹೆದರಿಕೊಂಡಿದ್ದ ಕೇರಿ ಬೇಲಿ ಅಲುಗಾಡುವಂತೆ ನಕ್ಕಿತು. ಒಳಗಿನಿಂದ ಹೀರಾ ನಕ್ಕದ್ದೂ, ನಕ್ಕು ಸೊಂಟ ಹಿಡಿದು ನರಳಿದ್ದೂ ಕೇಳಿಸಿತು. ಸಂದೇಶ ಮಾತ್ರ ನಗಲಿಲ್ಲ. ಹನ್ನೊಂದನ್ನೂ ಕವುಚಿ ಹಾಕಿಸಿ, ಇನ್ನು ಇಡೀ ಕೇರಿಯನ್ನು ನೋಡಬೇಕಾಗುತ್ತದೆ, ಸಂಜೆ ನಿಜವಾದ ಹೊಗೆಯಂತ್ರ ಬರುತ್ತದೆ ಎಂದರು. ನಗು ಅಲ್ಲಿಗೆ ನಿಂತಿತು.

ಎರಡು ತಾಸಿನಲ್ಲಿ ಕೇರಿಯ ಮಾನ ಸಮಪಾಲಾಗಿ ಹಂಚಿಹೋಯಿತು. ಜಟ್ಟಿಯ ಅಂಗಳದ ಹಳೆಯ ಒರಳುಕಲ್ಲಿನ ಗುಳಿಯಲ್ಲಿ ಮರಿಗಳಿದ್ದವು. ಕಾಮಿಯ ತೆಂಗಿನ ಚಿಪ್ಪುಗಳಲ್ಲಿದ್ದವು. ಬೊಮ್ಮಿ ದನಕ್ಕೆ ನೀರಿಡುವ ಟಬ್ಬಿನಲ್ಲಿದ್ದವು. ಒಂದು ಮನೆಯಲ್ಲಿ ಮಾತ್ರ ಏನೂ ಸಿಗಲಿಲ್ಲ. ಹೊನ್ನಮ್ಮನ ಮನೆಯಲ್ಲೂ ಸ್ವಾತಿ ನೀರಿನ ಒಂದು ಭರಣಿ ಇತ್ತು. ಅದರ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಬಾಳೆಪಟ್ಟೆಯ ಹಗ್ಗ ಮೂರು ಸುತ್ತು ಸುತ್ತಿತ್ತು. ಒಳಗಿನ ನೀರು ಕಣ್ಣಿನಷ್ಟು ತಿಳಿ.

ಮಧ್ಯಾಹ್ನ ಊಟವಾದ ಮೇಲೆ ಹೊನ್ನಮ್ಮ ಕೋಲೂರಿಕೊಂಡು ಮಾದೇವನ ಗೇಟು ದೂಡಿ ಒಳಗೆ ಬಂದಳು. ನಾಲ್ಕು ದಿನಗಳಲ್ಲಿ ಆ ಗೇಟು ದಾಟಿದ ಕೇರಿಯ ಮೊದಲ ಪಾದ ಅದು. ಜಗಲಿಯ ಮೇಲೆ ತಲೆತಗ್ಗಿಸಿ ಕುಳಿತಿದ್ದವನ ಎದುರು ನಿಂತು ಹೇಳಿದಳು.

"ನೀರು ಹಿಡೂದ್ ನೆನಪಿಟ್ಕಂಡೆ ಮಗಾ. ಬಾಯಿ ಕಟ್ಟೂದ್ ಮರ್ತೆ. ನಿನ್ ಆಯಿ ಮೊದ್ಲು ಬಟ್ಟೆ ಹುಡ್ಕತಿತ್ತು, ಆಮೇಲೆ ನೀರು."

ಮಾದೇವನಿಗೆ ನೆನಪಾಯಿತು. ಮಳೆ ಬರುವ ಮೊದಲೇ ತಾಯಿ ತನ್ನ ಮದುವೆಯ ಸೀರೆಯ ಹರಕನ್ನು ಒಗೆದು ಒಣಗಿಸಿ ಇಟ್ಟಿರುತ್ತಿದ್ದಳು. ಆಕಾಶಕ್ಕೆ ಮುಖ ಮಾಡಿರಬೇಕೆಂಬ ತನ್ನ ಶಾಸ್ತ್ರವನ್ನು ಅವನು ನುಂಗಿಕೊಂಡ. ನುಂಗಿ, ಕೇಳಬೇಕಾದದ್ದನ್ನು ಕೇಳಿದ. ಲಗ್ನ ಎಲ್ಲಿ?

ಹೊಗೆಯಂತ್ರ ಮೊದಲು ಮಾದೇವನ ಮನೆಗೇ ಬರುತ್ತದೆಂದು ಕವಿತಾ ಹೇಳಿದ್ದಾಳೆ, ಹಾಗಾಗಿ ಮೊದಲು ಹೊಗೆ ಆರುವುದೂ ಇದೇ ಅಂಗಳ, ಕತ್ತಲಾಗುವಷ್ಟರಲ್ಲಿ ಕೇರಿಯಲ್ಲಿ ಉಸಿರಾಡಲು ಬೇರೆ ಜಾಗ ಇರುವುದಿಲ್ಲ ಎಂದಳು ಹೊನ್ನಮ್ಮ. ಮಾದೇವನ ಮುಖ ಅರಳಿತು. ಅರಳುವಷ್ಟರಲ್ಲಿ ಅವಳು ಕೋಲಿನಿಂದ ತುಳಸಿಕಟ್ಟೆಯ ಬುಡ ತೋರಿಸಿದಳು. ಸೆಗಣಿಯ ನೆಲ ಹುಣ್ಣಿನಂತೆ ಎದ್ದು, ಸಿಪ್ಪೆ ಸಿಪ್ಪೆಯಾಗಿ, ಕೆಳಗಿನ ಕೆಂಪು ಮಣ್ಣು ಕಾಣುತ್ತಿತ್ತು.

"ಇದರ ಮೇಲೆ ಮದಿಮಗಳನ್ನ ನಿಲ್ಸೂಕಾಗ್ತದಾ? ಹೀರಾ ಬಗ್ಗೂಕಿಲ್ಲ. ಉಳ್ದೋರು ಅವ್ರವ್ರ ಮನೆ ತೊಳೀತಿದ್ರು, ನಿನ್ ದೆಸೆಯಿಂದ. ಕೆದ್ರಿದ ಕೈಯೇ ಸಾರಿಸ್ಬೇಕು."

ಮಾದೇವ, ಯಂತ್ರದಲ್ಲಿ ಇದಕ್ಕೊಂದು ರೂಪ ಇದೆಯೋ ನೋಡುತ್ತೇನೆ ಎಂದ. ಹೊನ್ನಮ್ಮ ಬೊಮ್ಮಿಯನ್ನು ಕೂಗಿದಳು. ಒಂದು ಬುಟ್ಟಿ ಹಸಿ ಸೆಗಣಿ, ಮೇಲೊಂದು ಹಿಡಿ ಇದ್ದಿಲ ಪುಡಿ ಬಂತು.

ಹೀಗೆ, ಕಾರ್ತಿಕ ದ್ವಾದಶಿಯ ದಿನ ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಬಾಗಿಲಿಲ್ಲದ, ಕಿಟಕಿಯಿಲ್ಲದ, ರೇಡಿಯೊ ಇಲ್ಲದ ಬಯಲು ಅಂಗಳದಲ್ಲಿ, ಪಂಚೆ ಎತ್ತಿ ಕಟ್ಟಿ, ಮಾದೇವ ಮಂಡಿಯೂರಿದ. ಕೈ ಸೆಗಣಿಯಲ್ಲಿ ಮುಳುಗಿತು. ಬೇಲಿಯ ಮೇಲೆ ಒಂದೊಂದಾಗಿ ತಲೆಗಳು ಮೂಡಿದವು. ಅವನು ಯಾರನ್ನೂ ನೋಡದೆ ಮೊದಲ ಅರ್ಧಚಂದ್ರ ಎಳೆದ. ಅದು ಸೊಟ್ಟಗಾಯಿತು. ಬೆರಳು ಅಗಲಿಸಬೇಕು, ಅಂಗೈ ಒತ್ತಬೇಕು ಎಂದು ಹೀರಾ ಜಗಲಿಯ ಕುರ್ಚಿಯ ಮೇಲಿಂದ ಹೇಳಿದಳು. ಎರಡನೆಯದು ಸ್ವಲ್ಪ ನೇರವಾಯಿತು. ಮೂರನೆಯದಕ್ಕೆ ನಾಚಿಕೆ ಕಡಿಮೆಯಾಯಿತು. ಸಂಜೆಗೆ ಅಭ್ಯಾಸವಾಗಲೆಂದು ಅವನ ಬಾಯಿ ತಾನಾಗಿ ಮಂಗಳಾಷ್ಟಕ ಗುನುಗತೊಡಗಿತು. ಕೈ ಆ ರಾಗವನ್ನು ಹಿಡಿದುಕೊಂಡಿತು. ಒಂದು ಚರಣಕ್ಕೆ ಒಂದು ಅರ್ಧಚಂದ್ರ.

ನಾಲ್ಕನೆಯ ಚರಣದ ಹೊತ್ತಿಗೆ ಕಾಮಿ ಬೇಲಿಯಾಚೆ ಗಂಡನಿಗೆ ಹೇಳುವುದು ಕೇಳಿಸಿತು.

"ಕಂಡ್ಯಾ? ಓದಿದೋರು ಹೆಂಗ್ ಸಾರಿಸ್ತ್ರು ಹೇಳಿ. ಒರಳುಕಲ್ಲ್ ತೊಳ್ದಾಯ್ತಲ್ಲ, ಈಗ ನಮ್ ಅಂಗಳಕ್ಕೂ ಬಾ."

ಸ್ವಲ್ಪ ಹೊತ್ತಿಗೆ ಬೇಲಿಯಾಚೆಯಿಂದಲೂ ಅಂಗೈ ನೆಲಕ್ಕೆ ಉಜ್ಜುವ ಸದ್ದು ಬರತೊಡಗಿತು. ಮಾದೇವ ತಲೆಯೆತ್ತಿ ಬೇಲಿಯ ಸಂದಿಯಲ್ಲಿ ನೋಡಿದ. ಜಟ್ಟಿ ನಾಲ್ಕು ಕಾಲಿನ ಮೇಲಿದ್ದ.

"ಇರ್ಲಿ, ಇರ್ಲಿ. ಏಳೂದ್ ಬೇಡ ಜಟ್ಟಿ," ಎಂದ ಮಾದೇವ.

ಸಂಜೆ ಹೊಗೆಯಂತ್ರ ಬಂತು. ನೀಲಿ ರೇನ್‌ಕೋಟಿನವನು ಮಾದೇವನ ಮನೆ ಮುಗಿಸಿ ಜಟ್ಟಿಯ ಮನೆಗೆ ಹೋದ, ಅಲ್ಲಿಂದ ಕೇರಿಯ ಮನೆಮನೆಗೆ ಹೋದ, ಕೇರಿ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ, ಅಕ್ಷತೆ ಹಿಡಿದುಕೊಂಡು ಮಾದೇವನ ಅಂಗಳಕ್ಕೆ ಬಂದು ನೆರೆಯಿತು. ಕಬ್ಬಿನ ಮಂಟಪ ಎದ್ದಿತ್ತು. ನೆಲ್ಲಿಯ ಕೊಂಬೆ ಕಾಯಿ ಸಮೇತ ನಿಂತಿತ್ತು. ಸಾರಿಸಿದ ನೆಲ ಒಣಗಿತ್ತು, ಒಂದೆರಡು ಕಡೆ ಸೊಟ್ಟ, ಆದರೂ ಮದುಮಗಳು ನಿಲ್ಲಬಹುದು. ಹೊನ್ನಮ್ಮ ಮುಂದಿನ ಸಾಲಿನಲ್ಲಿ ಕೂತಳು. ಅಂತರಪಟದ ಒಂದು ತುದಿಯನ್ನು ರೂಪಾಲಿ ಹಿಡಿದಳು, ಇನ್ನೊಂದನ್ನು ಜಟ್ಟಿ. ಮಾದೇವ, ಜಟ್ಟಿ ಇಬ್ಬರ ಉಗುರುಗಳಲ್ಲೂ ಒಂದೇ ಕಪ್ಪು.

ಹೊಗೆಗೆ ಮಾದೇವನ ಕಂಠ ಕಟ್ಟಿತ್ತು. ಮೊದಲ ಚರಣದಲ್ಲಿ ಎರಡು ಸಲ ಕೆಮ್ಮಿದ. ಯಾರೂ ಮೊಬೈಲು ತೆಗೆಯಲಿಲ್ಲ. ಮೂರನೆಯ ಚರಣದಿಂದ ದನಿ ಬಿಟ್ಟುಕೊಂಡಿತು, ಅಪ್ಪ ಎಳೆಯುತ್ತಿದ್ದಲ್ಲೇ ಎಳೆಯಿತು, ಇಳಿಸುತ್ತಿದ್ದಲ್ಲೇ ಇಳಿಯಿತು. ಕೊನೆಯ 'ಸಾವಧಾನ'ಕ್ಕೆ ಪರದೆ ಸರಿದು, ಅಕ್ಷತೆ ತುಳಸಿಯ ಮೇಲೂ ಅವನ ಬೋಳು ತಲೆಯ ಮೇಲೂ ಬಿತ್ತು. ಅವನು ಕೈ ಮುಗಿದು ಕಣ್ಣು ಮುಚ್ಚಿದ. ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಹೀರಾ ಅವನ ಕಿವಿಯ ಹತ್ತಿರ ಬಾಗಿದಳು, ಡಾಕ್ಟರು ಹೇಳಿದ್ದಕ್ಕಿಂತ ಒಂದಿಷ್ಟೂ ಹೆಚ್ಚು ಬಗ್ಗದೆ.

"ಚಲೋ ಆತು. ನಾಳೆಯಿಂದ ಒಳಗೂ ಹಿಂಗೇ, ಬಾಗ್ಲ್ ತೆಗ್ದಿಟ್ಟು, ಹಾಡ್ತಾ. ಯಂತ್ರಕ್ಕೆ ನೀರಿಲ್ಲ. ನಿಮ್ಗೆ ಮಂಡಿ ಅದೆ."